ಮೊದಲು ಯಾರ ನಾಡಿ ನೋಡಬೇಕು?

ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಕಾಗದ ಎರಡು ತಿಂಗಳಿಂದ ಬಿದ್ದಿದೆ. ಪಿ.ಬಿ. ರಸ್ತೆಯ ಕಡೆಯ ವೆಲ್ಡಿಂಗ್ ಅಂಗಡಿಯವರು ಬಂದು ಟೇಪು ಹಿಡಿದು ಅಳೆದು ಬರೆದುಕೊಟ್ಟ ಎಸ್ಟಿಮೇಟ್ ಅದು. ಮಹಡಿಯ ಬಾಲ್ಕನಿಗೆ ಪೂರ್ತಿ ಗ್ರಿಲ್, 46,000. ಮೆಟ್ಟಿಲಿನ ತಲೆಗೆ ಕಬ್ಬಿಣದ ಬಾಗಿಲು, 18,500. ಕಾಂಪೌಂಡಿನ ಮೇಲೆ ಮೊನೆಯಿರುವ ಸರಳು, 21,000. ಅದರ ಕೆಳಗೆ ನನ್ನ ಮಗ ಪೆನ್ಸಿಲಿನಲ್ಲಿ ಸೇರಿಸಿದ್ದಾನೆ: ನಾಲ್ಕು ಕ್ಯಾಮೆರಾ, ಡಿವಿಆರ್, ವೈರಿಂಗ್ ಎಲ್ಲ ಸೇರಿ 26,000. ಒಟ್ಟು 1,11,500 ರೂಪಾಯಿ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿದ್ದು 1998ರಲ್ಲಿ, ದಾವಣಗೆರೆ ಜಿಲ್ಲೆಯಾದ ಮರುವರ್ಷ. ಆಗ ಗೇಟಿಗೆ ಬೀಗವೇ ಇರಲಿಲ್ಲ. 2012ರಲ್ಲಿ ಹಿಂದಿನ ಬೀದಿಯ ಒಂದು ಮನೆಯಲ್ಲಿ ಕಳ್ಳತನವಾದ ಮೇಲೆ ಮುಂದಿನ ಜಗುಲಿಗೂ ಹಿಂದಿನ ಅಡುಗೆಮನೆ ಬಾಗಿಲಿಗೂ ಗ್ರಿಲ್ ಹಾಕಿಸಿದೆವು. ಈಗ ಮಹಡಿಗೂ ಬೇಕು ಎನ್ನುತ್ತಾನೆ ಮಗ. ನಮ್ಮ ಅಡ್ಡರಸ್ತೆಯಲ್ಲಿ ಇಪ್ಪತ್ತೆರಡು ಮನೆಗಳಿವೆ. ಈ ವರ್ಷ ಅವುಗಳಲ್ಲಿ ಒಂಬತ್ತು ಮನೆಗೆ ಹೊಸ ಕಬ್ಬಿಣ ಬಂತು.

ಹೆದರಿಕೆ ಎಲ್ಲಿಂದ ಬಂತೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 2024ರ ಅಕ್ಟೋಬರ್ 28, ದೀಪಾವಳಿಯ ವಾರದ ಸೋಮವಾರ. ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಯ ಬಾಗಿಲು ತೆಗೆದವರಿಗೆ ಒಳಗೆ 17.7 ಕೆ.ಜಿ. ಚಿನ್ನ ಇಲ್ಲವಾಗಿತ್ತು. ಕಳ್ಳರು ಕಿಟಕಿಯ ಸರಳು ಮುರಿದು, ಗ್ಯಾಸ್ ಕಟರ್‌ನಿಂದ ಕೊಯ್ದು, ಖಾರದ ಪುಡಿ ಚೆಲ್ಲಿ, ಹೋಗುವಾಗ ಕ್ಯಾಮೆರಾ ಕಂಡದ್ದನ್ನೆಲ್ಲ ದಾಖಲಿಸಿಡುವ ಡಿವಿಆರ್ ಪೆಟ್ಟಿಗೆಯನ್ನೂ ಕಿತ್ತುಕೊಂಡು ಹೋಗಿದ್ದರು. ಅದು ಮುಖ್ಯವಾಗಿ ರೈತರು ಅಡ ಇಟ್ಟ ಚಿನ್ನ. ಬಿತ್ತನೆಗೆ, ಬೋರ್‌ವೆಲ್‌ಗೆ, ಮಗಳ ಮದುವೆಗೆ ಎಂದು ಸರ, ಬಳೆ, ಓಲೆ ಕೊಟ್ಟು ಸಾಲ ತೆಗೆದವರು ಬ್ಯಾಂಕಿನ ಮುಂದೆ ನಿಂತು ಅತ್ತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಐದು ತಿಂಗಳ ಮೇಲೆ, 2025ರ ಮಾರ್ಚ್ ಕೊನೆಗೆ, ಪೊಲೀಸರು ಆರು ಜನರನ್ನು ಹಿಡಿದಿದ್ದಾಗಿ ಹೇಳಿದರು. ತಮಿಳುನಾಡಿನ ಮಧುರೆ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರೊಳಗಿಂದ ಚಿನ್ನ ತೆಗೆಸಿದರು. ಹೆಚ್ಚುಕಡಿಮೆ 17 ಕೆ.ಜಿ. ಮರಳಿ ಸಿಕ್ಕಿತು. ಪೊಲೀಸರ ಪ್ರಕಾರ, ಮುಂದಾಳು ಅದೇ ನ್ಯಾಮತಿಯಲ್ಲಿ ತಿಂಡಿ ಅಂಗಡಿ ಇಟ್ಟುಕೊಂಡಿದ್ದವನು, ಅದೇ ಬ್ಯಾಂಕಿನಲ್ಲಿ 15 ಲಕ್ಷ ಸಾಲ ಕೇಳಿ ಇಲ್ಲ ಅನ್ನಿಸಿಕೊಂಡಿದ್ದವನು.

ಅದು ಮುಗಿಯಿತು ಅನ್ನುವಷ್ಟರಲ್ಲಿ, 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ 58 ಕೆ.ಜಿ.ಗೂ ಮಿಕ್ಕಿ ಚಿನ್ನ ಹೋಯಿತು. ಅದರಲ್ಲಿ ಬಂಧಿತರಾದವರಲ್ಲಿ ಆ ಶಾಖೆಯಲ್ಲೇ ಹಿಂದೆ ಮ್ಯಾನೇಜರ್ ಆಗಿದ್ದವನೂ ಒಬ್ಬ. ನಮ್ಮ ಬೀದಿಯ ಸಭೆ ನಡೆದದ್ದು ಆ ಸುದ್ದಿಯ ಬಿಸಿಯಲ್ಲಿ. "ಬ್ಯಾಂಕಿಗೇ ಹಿಂಗಾದ್ರೆ ನಮ್ಮ ಮನೆ ಗತಿ ಏನ್ರಿ ಸಿಸ್ಟರ್?" ಎಂದು ಎದುರುಮನೆಯವರು ಕೇಳಿದರು.

ನಿವೃತ್ತಳಾಗಿ ಏಳು ವರ್ಷವಾದರೂ ಬೀದಿಯವರಿಗೆ ನಾನು ಸಿಸ್ಟರೇ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ ಹದಿನಾಲ್ಕು ವರ್ಷ ಕ್ಯಾಶುವಾಲ್ಟಿಯಲ್ಲಿ. ಒಂದು ಊರಿನ ಮನೆಗಳಿಗೆ ಯಾವ ಅಪಾಯ ಎಷ್ಟು ಸಲ ಬರುತ್ತದೆ ಎಂದು ತಿಳಿಯಬೇಕಾದರೆ ಕ್ಯಾಶುವಾಲ್ಟಿಯ ಬಾಗಿಲಲ್ಲಿ ಒಂದು ವರ್ಷ ನಿಂತರೆ ಸಾಕು. ಅಲ್ಲಿ ಎಂಎಲ್‌ಸಿ ಪುಸ್ತಕ ಅಂತ ಒಂದಿರುತ್ತದೆ, ಪೊಲೀಸರಿಗೆ ತಿಳಿಸಬೇಕಾದ ಕೇಸುಗಳನ್ನೆಲ್ಲ ಅದರಲ್ಲಿ ಬರೆಯಬೇಕು. ಆ ಪುಸ್ತಕದಲ್ಲಿ ನನ್ನ ಕೈಯಾರೆ ಎಷ್ಟೋ ಸಾವಿರ ಹೆಸರು ಬರೆದಿದ್ದೇನೆ. ಮನೆಗೆ ನುಗ್ಗಿದ ಕಳ್ಳನಿಂದ ಪೆಟ್ಟು ತಿಂದು ಬಂದವರು ಎಂದರೆ ನೆನಪಿಗೆ ಬರುವುದು ನಾಲ್ಕೈದು ಜನ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರ ಲೆಕ್ಕ ಇಟ್ಟಿಲ್ಲ, ಇಡಲು ಸಾಧ್ಯವೂ ಇರಲಿಲ್ಲ. ಬಟ್ಟೆ ಒಣಹಾಕುವ ತಂತಿಯಲ್ಲಿ ಕರೆಂಟು ಹರಿದು ಶಾಕ್ ಹೊಡೆಸಿಕೊಂಡ ಹೆಂಗಸರು ಮಳೆಗಾಲದುದ್ದಕ್ಕೂ ಬರುತ್ತಿದ್ದರು. ಸೀಮೆಎಣ್ಣೆಯನ್ನು ಕೂಲ್‌ಡ್ರಿಂಕ್ ಬಾಟಲಿಗೆ ಸುರಿದು ಕಟ್ಟೆಯ ಮೇಲೆ ಇಟ್ಟಿದ್ದಾರೆ, ಎರಡು ವರ್ಷದ ಕೂಸು ಕುಡಿದಿದೆ. ಗೀಸರು, ಹಂಡೆ, ಕುದಿಯುವ ಸಾರು. ಬಚ್ಚಲಲ್ಲಿ ಜಾರಿದ ಅಜ್ಜಿಯರು.

ಕಾಂಪೌಂಡಿನ ಮೇಲೆ ಸಿಕ್ಕಿಸಿದ ಗಾಜಿನ ಚೂರಿನಿಂದ ಅಂಗೈ ಸೀಳಿಕೊಂಡ ಹುಡುಗರೂ ಬರುತ್ತಿದ್ದರು. ಚೆಂಡು ತರಲು ಗೋಡೆ ಹತ್ತಿದವರು. ಹೊಲಿಗೆ ಹಾಕುವಾಗ ಅವರ ಕೈ ಅಲುಗದಂತೆ ಹಿಡಿದದ್ದು ನಾನು. ಆ ಗಾಜಿಗೆ ಸಿಕ್ಕಿ ಬಂದ ಒಬ್ಬ ಕಳ್ಳನನ್ನೂ ನಾನು ಕಾಣಲಿಲ್ಲ. ಮೊನೆ ಸರಳಿಗೆ 21,000 ಎಂದು ಓದಿದಾಗ ನನಗೆ ನೆನಪಾದದ್ದು ಆ ಅಂಗೈಗಳು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಹಿರಿಯ ಸಿಸ್ಟರ್ ಇದ್ದರು. ಒಂದು ರಾತ್ರಿ ಮದುವೆ ದಿಬ್ಬಣದ ಟೆಂಪೊ ಮಗುಚಿ ಹದಿನೆಂಟು ಜನ ಒಟ್ಟಿಗೆ ಬಂದರು. ಒಬ್ಬ ಕೈ ಮುರಿದುಕೊಂಡು ಇಡೀ ಆಸ್ಪತ್ರೆ ಎದ್ದೇಳುವಂತೆ ಕೂಗುತ್ತಿದ್ದ. ನಾನು ಅವನ ಹತ್ತಿರ ಓಡಿದೆ. ಅವರು ನನ್ನ ರಟ್ಟೆ ಹಿಡಿದು ಎಳೆದು, "ಕೂಗೋನಿಗೆ ಉಸಿರೈತೆ ಕಣವ್ವ. ಆ ಮೂಲೇಲಿ ಸುಮ್ಮನೆ ಮಲಗ್ಯಾನಲ್ಲ, ಮೊದಲು ಅವನ ನಾಡಿ ನೋಡು" ಅಂದರು. ಮೂಲೆಯಲ್ಲಿದ್ದವನ ಮೈಮೇಲೆ ಒಂದು ಗೀರೂ ಇರಲಿಲ್ಲ. ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು. ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಎಂದು ವಿಂಗಡಿಸುವುದನ್ನು ಆಸ್ಪತ್ರೆಗಳಲ್ಲಿ ಟ್ರಯಾಜ್ ಎನ್ನುತ್ತೇವೆ. ಆ ಹೆಸರು ನನಗೆ ಆಮೇಲೆ ತಿಳಿಯಿತು. ಪಾಠ ಆ ರಾತ್ರಿಯೇ ಆಗಿತ್ತು.

ಮನೆಯ ವಿಷಯದಲ್ಲೂ ನಾವು ಕೂಗುವ ಅಪಾಯದ ಕಡೆಗೇ ಓಡುತ್ತಿದ್ದೇವೆ ಎಂಬುದು ನನ್ನ ಸಂಕಟ. ಕಳ್ಳತನ ಕೂಗುತ್ತದೆ. ಟಿವಿಯಲ್ಲಿ ಮೂರು ದಿನ ಬರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಮೂರು ತಿಂಗಳು ಸುತ್ತುತ್ತದೆ. ಅದಕ್ಕೆ ಕಬ್ಬಿಣ ಮಾರುವವರಿದ್ದಾರೆ, ಕ್ಯಾಮೆರಾ ಮಾರುವವರಿದ್ದಾರೆ, ಮನೆ ಬಾಗಿಲಿಗೇ ಬಂದು ಅಳತೆ ತೆಗೆಯುತ್ತಾರೆ. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ ಹಾಕಿಸಿ ಎಂದು ಇಷ್ಟು ವರ್ಷದಲ್ಲಿ ಯಾರಾದರೂ ನಿಮ್ಮ ಮನೆ ಬಾಗಿಲು ತಟ್ಟಿದ್ದಾರೆಯೇ?

ಆ ಹಿಡಿಕೆಯ ಮಾತು ನನಗೆ ಬರಿಯ ಉದಾಹರಣೆಯಲ್ಲ. 2016ರ ಆಷಾಢ. ನಮ್ಮ ಅತ್ತೆಗೆ ಆಗ ಎಪ್ಪತ್ತೊಂಬತ್ತು. ಬೆಳಗಿನ ಐದೂವರೆಗೆ ಎದ್ದು ಸ್ನಾನ ಮಾಡುವುದು ಅವರ ರೂಢಿ. ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿ ವರ್ಷವಾಗಿತ್ತು. ನುಣುಪಾದ, ತಿಳಿ ನೀಲಿ ಬಣ್ಣದ್ದು, ನಾನೇ ಆರಿಸಿದ್ದು. ಸದ್ದು ಕೇಳಿ ಓಡಿಹೋದಾಗ ಅವರು ಗೋಡೆಗೆ ಒರಗಿ ಕೂತಿದ್ದರು, ಎಡಗೈ ಇನ್ನೂ ನಲ್ಲಿಯನ್ನು ಹಿಡಿದಿತ್ತು. ಬೀಳುವಾಗ ಹಿಡಿದುಕೊಳ್ಳಲು ಅವರಿಗೆ ಸಿಕ್ಕಿದ್ದು ಆ ನಲ್ಲಿ ಒಂದೇ. ಅದೂ ಬುಡಸಮೇತ ಕಿತ್ತು ನೀರು ಚಿಮ್ಮುತ್ತಿತ್ತು. ಬಲಗಾಲು ಹೊರಕ್ಕೆ ತಿರುಗಿತ್ತು, ಎಡಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು. ಅಷ್ಟು ನೋಡಿದರೆ ನರ್ಸಿಗೆ ಎಕ್ಸ್‌ರೇ ಬೇಕಿಲ್ಲ. ತೊಡೆ ಮೂಳೆಯ ಕತ್ತು ಮುರಿದಿತ್ತು. "ಏನೂ ಆಗಿಲ್ಲ ಬಿಡವ್ವ, ಸೀರೆ ಸರಿ ಮಾಡು" ಅಂದರು ಅತ್ತೆ.

ಆಪರೇಷನ್ ಆಯಿತು. ಎಲ್ಲ ಸೇರಿ ಎರಡು ಲಕ್ಷ ಹತ್ತು ಸಾವಿರ. ವೈದ್ಯರು ಚೆನ್ನಾಗಿಯೇ ಮಾಡಿದರು. ಆದರೆ ಆ ವಯಸ್ಸಿನಲ್ಲಿ ಹಾಸಿಗೆ ಹಿಡಿದ ಮೇಲೆ ಏನೇನು ಬರುತ್ತದೋ ಅದೆಲ್ಲ ಬಂತು. ದೀಪಾವಳಿ ನೋಡಲಿಲ್ಲ ಅವರು. ಬಚ್ಚಲಿಗೆ ಸ್ಟೀಲಿನ ಹಿಡಿಕೆ ಒಂದಕ್ಕೆ 650 ರೂಪಾಯಿ. ನಾಲ್ಕು ವರ್ಷ ಮೊದಲೇ ಕಳ್ಳನಿಗೆ ಎಂದು ಗ್ರಿಲ್ಲಿಗೆ 62,000 ಕೊಟ್ಟಿದ್ದ ಮನೆ ನಮ್ಮದು. ಬಿದ್ದ ಅಜ್ಜಿಯರನ್ನು ಹದಿನಾಲ್ಕು ವರ್ಷ ಸ್ಟ್ರೆಚರಿನಿಂದ ಇಳಿಸಿಕೊಂಡವಳು ನಾನು. ನನ್ನ ಮನೆಯ ಬಚ್ಚಲನ್ನು ಆ ಕಣ್ಣಿನಿಂದ ಒಂದು ದಿನವೂ ನೋಡಿರಲಿಲ್ಲ.

ಇನ್ನು ಆ ಗ್ರಿಲ್ಲಿನ ವಿಷಯ. 2021ರ ಮಾರ್ಚ್, ರಾತ್ರಿ ಹನ್ನೊಂದು ದಾಟಿತ್ತು. ಹಾಲು ಕಾಯಲು ಇಟ್ಟು ಮರೆತಿದ್ದೆ. ಉಕ್ಕಿದ ಹಾಲು ಒಲೆ ಆರಿಸಿ, ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ಎಚ್ಚರವಾದಾಗ ವಾಸನೆ ನಡುಮನೆಯವರೆಗೂ ಬಂದಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ನಾಲ್ಕು ವರ್ಷದ ಮೊಮ್ಮಗಳು ಮಲಗಿದ್ದದ್ದು ನೆಲದ ಹಾಸಿಗೆಯಲ್ಲಿ. ಒಲೆಯ ಕಿವಿ ತಿರುಗಿಸಿ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆಗೆದೆ. ಲೈಟ್ ಹಾಕುವಂತಿಲ್ಲ, ಸ್ವಿಚ್ಚಿನ ಒಂದು ಕಿಡಿ ಸಾಕು. ಮಗುವನ್ನು ಎತ್ತಿಕೊಂಡು ಮುಂಬಾಗಿಲು ತೆಗೆದರೆ ಎದುರಿಗೆ ಗ್ರಿಲ್, ಅದಕ್ಕೆ ಬೀಗ. "ರೀ, ಬೀಗದ ಕೈ ಎಲ್ಲಿ?" ಎಂದೆ. ಇವರು ಕತ್ತಲಲ್ಲಿ ಟಿವಿ ಸ್ಟ್ಯಾಂಡ್ ತಡಕಿದರು. ದೇವರ ಗೂಡು ತಡಕಿದರು. ಅಂಗಿ ಜೇಬು ಅಂದರು, ಯಾವ ಅಂಗಿ ಎಂದು ನೆನಪಾಗಲಿಲ್ಲ. ನಾನು ಒಂದು ಕೈಯಲ್ಲಿ ಮಗುವನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಆ ಗ್ರಿಲ್ ಹಿಡಿದು ನಿಂತಿದ್ದೆ. ಹತ್ತು ಎಂಎಂ ಸರಳು, ಒಂದಿಂಚೂ ಅಲುಗುವುದಿಲ್ಲ. ಚೆನ್ನಾಗಿ ಮಾಡಿಸಿದ್ದೆವು. ಕೊನೆಗೆ ಬೀಗದ ಕೈ ಸಿಕ್ಕಿದ್ದು ಬಚ್ಚಲಿನ ಬಾಗಿಲ ಹಿಂದೆ ತೂಗುಹಾಕಿದ್ದ ಅಂಗಿಯಲ್ಲಿ. ಎಷ್ಟು ಹೊತ್ತಾಗಿತ್ತೋ ತಿಳಿಯದು.

ಆ ರಾತ್ರಿ ಏನೂ ಆಗಲಿಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಏನಾಗಬಹುದಿತ್ತು ಎಂದು ಗೊತ್ತಿರುತ್ತದೆ. ಕಳ್ಳ ಒಳಗೆ ಬರದಿರಲಿ ಎಂದು ಹಾಕಿದ ಕಬ್ಬಿಣಕ್ಕೆ ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಭೇದ ತಿಳಿಯುವುದಿಲ್ಲ. ಎಸ್ಟಿಮೇಟಿನಲ್ಲಿ ಕಬ್ಬಿಣದ ತೂಕ ಇರುತ್ತದೆ, ಬಣ್ಣದ ಖರ್ಚು ಇರುತ್ತದೆ, ಕೂಲಿ ಇರುತ್ತದೆ. ತಪ್ಪಿಸಿಕೊಳ್ಳುವ ದಾರಿ ಮುಚ್ಚಿದ್ದರ ಬೆಲೆ ಇರುವುದಿಲ್ಲ. ಬಾಲ್ಕನಿಗೆ ಪೂರ್ತಿ ಗ್ರಿಲ್ ಹಾಕಿಸುತ್ತೇನೆ ಎಂದ ಮಗನಿಗೆ ನಾನು ಕೇಳಿದ್ದು ಇಷ್ಟೇ: ಕೆಳಗೆ ಬೆಂಕಿ ಬಿದ್ದರೆ ನೀವು ಮೂವರು ಮಹಡಿಯಿಂದ ಯಾವ ಕಡೆ ಇಳಿಯುತ್ತೀರಿ? ಅವನು ಎದ್ದುಹೋಗಿ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದ.

ಕಳ್ಳನ ಭಯ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಮೂರನೇ ಮನೆಯ ಹುಡುಗಿ ಮದುವೆಯಾಗಿ ಬಂದು ವರ್ಷವಾಗಿಲ್ಲ, ಗಂಡನಿಗೆ ತಿಂಗಳಲ್ಲಿ ಹದಿನೈದು ದಿನ ಊರೂರು ಓಡಾಟ. "ನೀವು ಲೆಕ್ಕ ಹೇಳ್ತೀರಿ ಆಂಟಿ. ರಾತ್ರಿ ಗೇಟ್ ಸದ್ದಾದ್ರೆ ನನ್ನ ಎದೆ ಹೊಡ್ಕೊಳ್ಳೋದು ಲೆಕ್ಕಕ್ಕೆ ಬರಲ್ಲ" ಅಂದಳು ಸಭೆಯಲ್ಲಿ. ಅವಳು ಹೇಳಿದ್ದು ನಿಜ. ನಿದ್ದೆಗೆ ಬೆಲೆಯಿದೆ. ಅವಳ ಮನೆಗೆ ಗಟ್ಟಿ ಬಾಗಿಲು, ಒಳ್ಳೆಯ ಬೀಗ, ಗೇಟಿಗೆ ಒಂದು ಲೈಟು ಆಗಲೇಬೇಕು. ಅದರ ಜೊತೆ ಎಡಬಲದ ಮನೆಯವರ ನಂಬರು ಅವಳ ಫೋನಿನಲ್ಲಿ ಮೊದಲ ಸಾಲಿನಲ್ಲಿ ಇರಬೇಕು, 112 ಕೂಡ. ಅವಳಿಗೆ ಸಂಜೆ ಹೊತ್ತು ನಮ್ಮ ಮನೆಗೆ ಬಂದು ಕೂರಲು ಹೇಳಿದ್ದೇನೆ. ಬರುತ್ತಿದ್ದಾಳೆ.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ದಾವಣಗೆರೆಯ ಯಾವ ಮನೆಗೂ ಬೀಗ ಬೀಳುವುದಿಲ್ಲ. ನಮ್ಮ ಮನೆಯಲ್ಲೇ ಮೂವತ್ತು ನಲವತ್ತು ಜನ ನೆಂಟರು ಉಂಡು ಜಗುಲಿಯ ತುಂಬ ಮಲಗಿರುತ್ತಾರೆ. ಆ ವಾರದಲ್ಲಿ ಯಾರಿಗೂ ಕಳ್ಳನ ನೆನಪೇ ಇರುವುದಿಲ್ಲ. ಮನೆ ಕಾಯುವುದು ಕಬ್ಬಿಣಕ್ಕಿಂತ ಹೆಚ್ಚಾಗಿ ಜನ. ನ್ಯಾಮತಿ ಬ್ಯಾಂಕಿನ ಕಳ್ಳತನದಲ್ಲೂ ನನಗೆ ಕಂಡದ್ದು ಇದೇ. ಅಲ್ಲಿ ಕಿಟಕಿಗೆ ಸರಳಿತ್ತು, ತಿಜೋರಿ ಇತ್ತು, ಕ್ಯಾಮೆರಾ ಇತ್ತು. ರಾತ್ರಿ ಅಲ್ಲಿ ಇರುವ ಮನುಷ್ಯರು ಇರಲಿಲ್ಲ. ಇನ್ನು ಕ್ಯಾಮೆರಾ ಹಾಕಿಸುವವರಿಗೆ ಒಂದು ಮಾತು: ಡಿವಿಆರ್ ಅನ್ನು ಟಿವಿಯ ಪಕ್ಕ ಎಲ್ಲರಿಗೂ ಕಾಣುವಂತೆ ಇಟ್ಟರೆ ಅದೂ ಕಳ್ಳನ ಚೀಲಕ್ಕೇ ಹೋಗುತ್ತದೆ.

ಒಡವೆಯ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು, ಯಾಕೆಂದರೆ ಅಲ್ಲಿ ಹೆಚ್ಚಿನವರು ತಪ್ಪು ತಿಳಿದಿದ್ದಾರೆ. ಬ್ಯಾಂಕಿನ ಲಾಕರಿನಲ್ಲಿ ಇಟ್ಟರೆ ಪೂರ್ತಿ ಬ್ಯಾಂಕಿನ ಹೊಣೆ ಎಂಬ ನಂಬಿಕೆ ನನಗೂ ಇತ್ತು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಬ್ಯಾಂಕಿನವರದೇ ವಂಚನೆ, ಇವುಗಳಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ ನೂರು ಪಟ್ಟು. ನಾನು ಕಟ್ಟುವ ಬಾಡಿಗೆ ವರ್ಷಕ್ಕೆ 1,500. ಎಂದರೆ ಒಂದೂವರೆ ಲಕ್ಷ. ಒಳಗಿರುವ ನನ್ನ ನೂರು ಗ್ರಾಂ ಚಿನ್ನಕ್ಕೆ 2025ರ ಮಧ್ಯದ ದರದಲ್ಲೇ ಒಂಬತ್ತು ಲಕ್ಷಕ್ಕೂ ಹೆಚ್ಚು. ನೆರೆ, ಭೂಕಂಪದಂಥ ಪ್ರಕೃತಿ ವಿಕೋಪದಿಂದ ಹಾಳಾದರೆ ಬ್ಯಾಂಕ್ ಹೊಣೆಯಲ್ಲ. ಸಾಲಕ್ಕೆ ಅಡ ಇಟ್ಟ ಚಿನ್ನದ ವಿಷಯ ಬೇರೆ, ಅದು ಬ್ಯಾಂಕಿನ ಸುಪರ್ದಿಯಲ್ಲಿ ತೂಕ ಬರೆದು ಕೊಟ್ಟದ್ದು. ಲಾಕರಿನಲ್ಲಿ ಏನಿದೆ ಎಂದು ಬ್ಯಾಂಕಿಗೆ ಗೊತ್ತೇ ಇರುವುದಿಲ್ಲ. ಆದರೂ ನಾನು ಲಾಕರ್ ಬಿಟ್ಟಿಲ್ಲ. ಮನೆಯಲ್ಲಿ ಚಿನ್ನ ಇಟ್ಟರೆ ಕಳ್ಳ ಬರುವುದು ಚಿನ್ನಕ್ಕೆ, ಸಿಕ್ಕಿಬೀಳುವುದು ನಾವು. ಲಾಕರಿನಲ್ಲಿದ್ದರೆ ಹೋದರೂ ಚಿನ್ನ ಒಂದೇ ಹೋಗುತ್ತದೆ. ನ್ಯಾಮತಿಯ ಚಿನ್ನ ಬಾವಿಯಿಂದ ಮೇಲೆ ಬಂತು. ನಮ್ಮ ಅತ್ತೆ ಬರಲಿಲ್ಲ.

ನಾನು ತೂಗುವುದು ಹೀಗೆ. ಹೋದರೆ ಮರಳಿ ಬಾರದ್ದು ಯಾವುದು? ಅದಕ್ಕೆ ಮೊದಲ ರೂಪಾಯಿ. ಯಾವುದು ಪದೇ ಪದೇ ಆಗುತ್ತದೆ, ಅಗ್ಗದಲ್ಲಿ ತಡೆಯಬಹುದು? ಅದಕ್ಕೆ ಎರಡನೆಯದು. ಅಪರೂಪಕ್ಕೆ ಆಗುವುದು, ಆದರೆ ಎದ್ದೇಳಲಾಗದ ಹಾಗೆ ಹೊಡೆಯುವುದು ಇದ್ದರೆ ಅದಕ್ಕೆ ವಿಮೆ. ಹೋದರೂ ನಾಲ್ಕು ದಿನ ಬೈದುಕೊಂಡು ಸುಮ್ಮನಾಗಬಹುದಾದ್ದಕ್ಕೆ, ಅಂದರೆ ಸೈಕಲ್ಲು, ಗ್ಯಾಸ್ ಸಿಲಿಂಡರು, ಅಂಗಳದ ತಾಮ್ರದ ಹಂಡೆಗೆ, ಒಂದು ಸಾಧಾರಣ ಬೀಗ ಸಾಕು.

ಮಗ ದಿನಾ ಹರಿಹರಕ್ಕೆ ಬೈಕಿನಲ್ಲಿ ಹೋಗಿಬರುತ್ತಾನೆ, ಹೋಗುತ್ತಾ ಹದಿನಾಲ್ಕು ಕಿಲೋಮೀಟರ್, ಬರುತ್ತಾ ಹದಿನಾಲ್ಕು. ತಲೆಯ ಮೇಲೆ ಇದ್ದದ್ದು ಪೊಲೀಸರಿಗೆ ತೋರಿಸಲು ಕೊಂಡ ಅರ್ಧ ಹೆಲ್ಮೆಟ್, ಬಕಲ್ ಹಾಕುವ ಅಭ್ಯಾಸವೂ ಇಲ್ಲ. ಕ್ಯಾಮೆರಾಕ್ಕೆ 26,000 ಲೆಕ್ಕ ಹಾಕಿದವನ ತಲೆಗೆ 350 ರೂಪಾಯಿಯ ಪ್ಲಾಸ್ಟಿಕ್. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿ 2022ನೇ ಇಸವಿಯೊಂದರಲ್ಲೇ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಹೆಲ್ಮೆಟ್ ಹಾಕದವರು 50,029. ಸರಿಯಾದ ಹೆಲ್ಮೆಟ್ಟನ್ನು ಸರಿಯಾಗಿ ಕಟ್ಟಿಕೊಂಡರೆ ತಲೆಗೆ ತೀವ್ರ ಪೆಟ್ಟಾಗುವ ಸಂಭವ ಸುಮಾರು ಶೇ 70ರಷ್ಟು ಇಳಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆದ್ದಾರಿಯಿಂದ ಕ್ಯಾಶುವಾಲ್ಟಿಗೆ ಬಂದ ಹುಡುಗರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿರುತ್ತದೆ, "ಅಮ್ಮ" ಎಂದು ಪರದೆಯಲ್ಲಿ ಮೂಡುತ್ತದೆ. ಆ ಫೋನು ಎತ್ತುವ ಕೆಲಸ ಹಲವು ಸಲ ನನ್ನದಾಗಿತ್ತು. ಇದನ್ನು ಮಗನಿಗೆ ಮೊದಲ ಸಲ ಹೇಳಿದ್ದು ಈ ಎಸ್ಟಿಮೇಟ್ ಬಂದ ಮೇಲೆ.

ಆ ಎಸ್ಟಿಮೇಟ್ ಕಾಗದದ ಹಿಂದುಗಡೆ ನಾನು ನನ್ನ ಲೆಕ್ಕ ಬರೆದೆ. ಐಎಸ್‌ಐ ಗುರುತಿನ ಪೂರ್ತಿ ಹೆಲ್ಮೆಟ್ ಮಗನಿಗೊಂದು, ಸೊಸೆಗೊಂದು, 3,200. ಅರ್ತಿಂಗ್ ಗುಂಡಿ ಸರಿಮಾಡಿಸಿ ಆರ್‌ಸಿಸಿಬಿ ಕೂರಿಸಲು 7,500. ಇದರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಮೀಟರ್ ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಅದೇ ಬೀಳುತ್ತದೆ ಎಂದು ಅನೇಕರು ನಂಬಿದ್ದಾರೆ. ಎಂಸಿಬಿ ವೈರು ಸುಡದಂತೆ ಕಾಯುತ್ತದೆ, ಹತ್ತು ಹದಿನಾರು ಆಂಪಿಯರ್ ದಾಟಿದಾಗ. ಮನುಷ್ಯನ ಎದೆ ನಿಲ್ಲಲು ಅದರ ನೂರರಲ್ಲಿ ಒಂದು ಪಾಲು ಸಾಕು. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದ ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ ಲೈನ್ ಕತ್ತರಿಸುವುದು ಆರ್‌ಸಿಸಿಬಿ. ಅದರ ಮೇಲೆ 'ಟೆಸ್ಟ್' ಎಂಬ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಟಪ್ ಎಂದು ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಗ್ಯಾಸಿನ ಕಿತ್ತಳೆ ಟ್ಯೂಬಿನ ಮೇಲೆ ಅಚ್ಚಾದ ವರ್ಷ ಓದಿದೆ. ಐದು ವರ್ಷಕ್ಕೊಮ್ಮೆ ಬದಲಿಸಬೇಕು, ನಮ್ಮದಕ್ಕೆ ಏಳಾಗಿತ್ತು. 240 ರೂಪಾಯಿ. ಸೋರಿಕೆಗೆ ಕರೆ ಮಾಡಬೇಕಾದ 1906 ನಂಬರನ್ನು ಅಡುಗೆಮನೆಯ ಹೊರಗಿನ ಗೋಡೆಗೆ ಅಂಟಿಸಿದೆ. ಕರೆಯನ್ನು ಹೊರಗೆ ಬಂದು ಮಾಡಬೇಕು, ಅದಕ್ಕೇ ಹೊರಗಿನ ಗೋಡೆ. ಬಚ್ಚಲಿಗೆ ಎರಡನೇ ಹಿಡಿಕೆ, ಕಮೋಡಿನ ಪಕ್ಕಕ್ಕೂ ಒಂದು, ಕೂಲಿ ಸೇರಿ 1,400. ಮೊದಲನೆಯದನ್ನು ಅತ್ತೆ ಹೋದ ತಿಂಗಳೇ ಹಾಕಿಸಿದ್ದೆ. ಈಗ ಇವರಿಗೆ ಎಪ್ಪತ್ತು, ನನಗೆ ಅರವತ್ತೇಳು.

ಮನೆಗೆ ವಿಮೆ ಮಾಡಿಸಿದ್ದು ನಮ್ಮ ಬೀದಿಯಲ್ಲಿ ಇಬ್ಬರೇ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಕೊಡಬೇಕಾದ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿ ಇದೆ. ಬೆಂಕಿ, ಸಿಡಿಲು, ನೆರೆ, ಭೂಕಂಪ ಇವಕ್ಕೆಲ್ಲ ಪರಿಹಾರ ಉಂಟು. ನಮಗೆ ವರ್ಷಕ್ಕೆ 1,900 ಬಿತ್ತು. ಇದರಲ್ಲಿ ಮಾಮೂಲಿ ಕಳ್ಳತನ ಸೇರುವುದಿಲ್ಲ, ಬೆಂಕಿ ನೆರೆಯಂಥ ಅನಾಹುತ ಆದ ಏಳು ದಿನದೊಳಗೆ ಆದ ಕಳವಿಗೆ ಮಾತ್ರ ಪರಿಹಾರ. ಮಾಮೂಲಿ ಕಳವಿಗೆ ಬೇರೆ ಪಾಲಿಸಿ ತೆಗೆಸಬೇಕು. ಏಜೆಂಟರು ಇದನ್ನು ಬಿಡಿಸಿ ಹೇಳದಿದ್ದರೆ ನೀವೇ ಕೇಳಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದಲ್ಲಿ ಸತ್ತರೆ 2 ಲಕ್ಷ ಕೊಡುವಂಥದ್ದು, ಹದಿನೆಂಟರಿಂದ ಎಪ್ಪತ್ತರ ಒಳಗಿನ ಎಲ್ಲರಿಗೂ ಸಿಗುತ್ತದೆ. ಮನೆಗೆಲಸಕ್ಕೆ ಬರುವ ಹೆಂಗಸಿನ ಖಾತೆಗೂ ಅದನ್ನು ಮಾಡಿಸಿ. ಅವಳ ಮನೆಗೆ ಗ್ರಿಲ್ ಇರಲಿ, ಗಟ್ಟಿ ಬಾಗಿಲೂ ಇಲ್ಲ.

ಎಸ್ಟಿಮೇಟಿನ ಮುಂದುಗಡೆಯಿಂದ ಒಂದನ್ನು ನಾನು ಒಪ್ಪಿಕೊಂಡೆ. ಮೆಟ್ಟಿಲಿನ ತಲೆಯ ಬಾಗಿಲು, 18,500. ಮಹಡಿಯ ಕಡೆಯಿಂದ ಯಾರು ಬೇಕಾದರೂ ಇಳಿಯಬಹುದಾದ ಜಾಗ ಅದು, ಮಗ ಹೇಳಿದ್ದು ಸರಿ. ಆದರೆ ಒಳಗಿನಿಂದ ಬೀಗವಿಲ್ಲದೆ ಬರಿಗೈಯಲ್ಲಿ ತೆಗೆಯುವ ಚಿಲಕವೇ ಇರಬೇಕು ಎಂದೆ. ವೆಲ್ಡಿಂಗಿನವರು, "ಎಲ್ಲಾರು ಬೀಗದ್ದೇ ಕೇಳ್ತಾರ್ರೀ ಅಮ್ಮಾರೆ, ನೀವೊಬ್ರೇ ಹಿಂಗೆ" ಅಂದರು. ಮಾಡಿಕೊಟ್ಟರು. ಗೇಟಿನ ಲೈಟು 1,200 ಸೇರಿಸಿದರೂ ಎಲ್ಲ ಕೂಡಿ 34 ಸಾವಿರ ಮುಟ್ಟಲಿಲ್ಲ.

ಬೀದಿಯ ಸಭೆಯಲ್ಲಿ ನಾನು ಇನ್ನೊಂದನ್ನು ಹೇಳಿದೆ, ಅದು ಎಲ್ಲರಿಗೂ ಹಿಡಿಸಲಿಲ್ಲ. ಒಂಬತ್ತು ಮನೆಯವರು ಸೇರಿ ಕಬ್ಬಿಣಕ್ಕೆ ಏಳೆಂಟು ಲಕ್ಷ ಹಾಕಿದ್ದೇವೆ. ಅದೇ ಬೀದಿಯ ಎರಡು ಕಂಬದ ದೀಪ ಐದು ತಿಂಗಳಿಂದ ಉರಿಯುತ್ತಿಲ್ಲ, ದೂರು ಬರೆದುಕೊಡಲು ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ. ನಮ್ಮ ಮನೆಗೆ ಗ್ರಿಲ್ ಬಂದರೆ ಕಳ್ಳ ಪಕ್ಕದ ಮನೆ ನೋಡುತ್ತಾನೆ ಅಷ್ಟೇ. ಬೀದಿಗೆ ಬೆಳಕು ಬಂದರೆ ಎಲ್ಲರ ಮನೆಗೂ ಬಂತು. ರಾತ್ರಿ ಶಿಳ್ಳೆ ಊದುತ್ತಾ ಬರುವ ಗೂರ್ಖಾನಿಗೆ ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚು ಕೊಡಲು ಚೌಕಾಸಿ ಮಾಡಿದವರೂ ನಾವೇ. ಆಮೇಲೆ ಮೂವರು ಹೋಗಿ ದೂರು ಕೊಟ್ಟೆವು. ಹತ್ತು ದಿನಕ್ಕೆ ಒಂದು ದೀಪ ಹತ್ತಿತು. ಇನ್ನೊಂದಕ್ಕೆ ಮತ್ತೆ ಹೋಗಬೇಕು.

ಹಳೆಯ ಎರಡು ಗ್ರಿಲ್ಲುಗಳ ಬೀಗದ ಕೈಗೆ ಮುಂಬಾಗಿಲ ಒಳಗಿನ ಚೌಕಟ್ಟಿನ ಪಕ್ಕ ಒಂದು ಹುಕ್ ಹೊಡೆಸಿದೆ, ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ. ಮೊಮ್ಮಗಳಿಗೆ ಈಗ ಎಂಟು ವರ್ಷ, ಅವಳ ಕೈಗೆ ಎಟುಕಬೇಕು. ಅಲ್ಲಿಂದ ಬೀಗದ ಕೈ ಯಾರೂ ತೆಗೆದು ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಕಳೆದ ಭಾನುವಾರ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಅಭ್ಯಾಸ ಮಾಡಿಸಿದೆ. ಎಲ್ಲರೂ ಅವರವರ ಹಾಸಿಗೆಯಲ್ಲಿ, ಟಾರ್ಚ್ ಇಲ್ಲ. ನಾನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಎಣಿಸಿದೆ. ಮೂವತ್ತೆಂಟು ಅನ್ನುವಷ್ಟರಲ್ಲಿ ಮೊಮ್ಮಗಳು ಗ್ರಿಲ್ ತೆಗೆದು ಅಂಗಳದಲ್ಲಿ ನಿಂತಿದ್ದಳು. ಅವಳ ಅಜ್ಜನ ಸರದಿಯಲ್ಲಿ ಎಪ್ಪತ್ತು ದಾಟಿತು. ಹುಕ್ ಅವರ ಕೈಗೆ ತೀರ ಕೆಳಗಾಯಿತಂತೆ, ಕತ್ತಲಲ್ಲಿ ಮೇಲೆಲ್ಲ ಗೋಡೆ ತಡಕಿದರು. ಈ ವಾರ ಇನ್ನೊಂದು ಜೊತೆ ಬೀಗದ ಕೈ ಮಾಡಿಸಿ ಅವರ ಎದೆಮಟ್ಟಕ್ಕೆ ಒಂದು ಹುಕ್ ಹೊಡೆಸಬೇಕು. ಮೂರನೇ ಮನೆಯ ಹುಡುಗಿ ತನಗೂ ಒಂದು ತರಲು ಹೇಳಿದ್ದಾಳೆ.